ಅಜ್ಜಿಯ ನೆನಪೇ ಮೊದಲ ಪರೀಕ್ಷೆ

ಅಜ್ಜಿಯ ಮೂಗು ಮೊಮ್ಮಗಳಿಗೆ ಬಂದರೆ ಮನೆಮಂದಿಗೆಲ್ಲ ಖುಷಿ. ಅಜ್ಜಿಗೆ ಸ್ತನ ಕ್ಯಾನ್ಸರ್ ಆಗಿತ್ತೆಂಬ ಮಾತನ್ನು ಮಾತ್ರ ಎಷ್ಟೋ ಮನೆಗಳಲ್ಲಿ ಮುಚ್ಚಿಡುತ್ತಾರೆ, ಮದುವೆ ಮಾತುಕತೆಗೆ ಅಡ್ಡಿಯಾದೀತೆಂದು.

ಮಕ್ಕಳೇ, ಕ್ಯಾನ್ಸರ್ ಅಂಟುರೋಗವಲ್ಲ, ಶಾಪವೂ ಅಲ್ಲ. ನೂರರಲ್ಲಿ ಸುಮಾರು 5ರಿಂದ 10 ಮಾತ್ರ ವಂಶವಾಹಿಯಿಂದ ಬರುವಂಥವು. ಸ್ತನ ಕ್ಯಾನ್ಸರಿನ ಅಂಥದೊಂದು ಜೀನ್ 17ನೇ ವರ್ಣತಂತುವಿನಲ್ಲಿದೆ ಎಂದು 1990ರಲ್ಲಿ ಮೇರಿ-ಕ್ಲೇರ್ ಕಿಂಗ್ ತೋರಿಸಿದರು. ಅದರ ದೋಷ ತಾಯಿಯಿಂದಲೂ ಬರಬಹುದು, ತಂದೆಯಿಂದಲೂ ಬರಬಹುದು. ಪ್ರತಿ ಮಗುವಿಗೂ ಸಾಧ್ಯತೆ ಅರ್ಧಕ್ಕರ್ಧ. ದೋಷ ಬಂದರೂ ರೋಗ ಬಂದೇ ತೀರುತ್ತದೆಂದಿಲ್ಲ. ತಿಳಿದಿದ್ದರೆ ತಪಾಸಣೆ ಬೇಗ ಶುರುಮಾಡಬಹುದು.

ಜೀನ್ ಪರೀಕ್ಷೆಗೆ ರಕ್ತ ಇಲ್ಲವೇ ಎಂಜಲು ಸಾಕು. ಆದರೆ ಕೋಡಿಯಿಂದ ಮಣಿಪಾಲಕ್ಕೆ ಹೋದರೂ, ಬೆಂಗಳೂರಿನ ಕಿದ್ವಾಯಿಗೆ ಹೋದರೂ ಅದಕ್ಕೂ ಮೊದಲು ಬೇಕಾಗುವ ಉತ್ತರ ಒಂದೇ: ಕುಟುಂಬದಲ್ಲಿ ಯಾರಿಗೆ, ಯಾವ ವಯಸ್ಸಿನಲ್ಲಿ, ಯಾವ ಕ್ಯಾನ್ಸರ್? ಅಜ್ಜ ಅಜ್ಜಿಯರೇ, ಅದನ್ನು ಮೊಮ್ಮಕ್ಕಳ ಕೈಯಲ್ಲಿ ಬರೆಸಿಡಿ.