‘ಡ್ರಾ’ ಎಂಬ ಎಳೆತದ ಮಾತು

ಇಂಗ್ಲಿಷಿನ ‘ಡ್ರಾ’ ಬಹು ಚಿಕ್ಕ ಮಾತು. ಇಂದು ಅದು ಶಿವಮೊಗ್ಗದ ಪೇಟೆಯಲ್ಲಿ ಇಂಗ್ಲಿಷನ್ನೇ ಕಲಿಯದವರ ನಾಲಗೆಯ ಮೇಲೂ ಓಡಾಡುತ್ತಿದೆ. ಬ್ಯಾಂಕಿನಿಂದ ಹಣ ಡ್ರಾ ಮಾಡುತ್ತೇವೆ. ಪಂದ್ಯ ಡ್ರಾ ಆಯಿತೆನ್ನುತ್ತೇವೆ. ಚೀಟಿಯ ಡ್ರಾ ಯಾವ ದಿನವೆಂದು ವಿಚಾರಿಸುತ್ತೇವೆ. ಮಗು ಆನೆಯ ಚಿತ್ರ ಡ್ರಾ ಮಾಡಿತೆಂದು ಹಿಗ್ಗುತ್ತೇವೆ. ಹಣ, ಆಟ, ಅದೃಷ್ಟ, ಚಿತ್ರ ಎಂಬ ಈ ನಾಲ್ಕು ಒಂದಕ್ಕೊಂದು ಸಂಬಂಧವಿಲ್ಲದವು. ಇವು ಒಂದೇ ಮಾತಿನ ಸೂರಿನಡಿ ಬಂದು ಸೇರಿದ ಬಗೆ ಹೇಗೆ? ಅದರಿಂದ ಕನ್ನಡಿಗರಾದ ನಾವು ತಿಳಿಯತಕ್ಕುದೇನು? ಇದನ್ನು ಕೊಂಚ ಪರಿಶೀಲಿಸೋಣ.

ಮೂಲದಲ್ಲಿ ಈ ಮಾತಿಗೆ ಇದ್ದ ಅರ್ಥ ಒಂದೇ: ಎಳೆಯುವುದು. ಹಳೆಯ ಇಂಗ್ಲಿಷಿನ ‘ದ್ರಗನ್’ ಎಂಬ ಧಾತು ಸವೆದು ‘ಡ್ರಾ’ ಆಯಿತು. ನೆಲದ ಮೇಲೆ ಎಳೆದೊಯ್ಯುವುದನ್ನು ಹೇಳುವ ‘ಡ್ರ್ಯಾಗ್’ ಅದರ ಒಡಹುಟ್ಟು. ಸೀಸದ ಕಡ್ಡಿಯನ್ನು ಕಾಗದದ ಮೇಲೆ ಎಳೆದರೆ ಗೆರೆ; ಗೆರೆಗಳು ಕೂಡಿದರೆ ಚಿತ್ರ. ಮಡಕೆಯೊಳಗಿನಿಂದ ಚೀಟಿಯನ್ನು ಎಳೆದರೆ ಅದೃಷ್ಟದ ನಿರ್ಣಯ. ಖಜಾನೆಯಿಂದ ಹಣವನ್ನು ಎಳೆದರೆ ಸಂಬಳ. ಮೇಜಿನಿಂದ ಎಳೆಯುವ ಪೆಟ್ಟಿಗೆಯೇ ‘ಡ್ರಾಯರ್’. ಊಟದ ತರುವಾಯ ಅತಿಥಿಗಳು ಹಿಂಜರಿದು ಹೋಗಿ ಕುಳಿತುಕೊಳ್ಳುವ ಕೋಣೆಗೆ ಮೊದಲು ‘ವಿತ್‌ಡ್ರಾಯಿಂಗ್ ರೂಮ್’ ಎಂಬ ಹೆಸರಿತ್ತು. ತಲೆ ಕಡಿದುಹೋಗಿ ‘ಡ್ರಾಯಿಂಗ್ ರೂಮ್’ ಉಳಿಯಿತು. ಅಲ್ಲಿ ಯಾರೂ ಚಿತ್ರ ಬರೆಯುತ್ತಿರಲಿಲ್ಲ. ಹಾಗೆಯೇ ಸರ್ಕಾರಿ ಕಛೇರಿಯ ‘ಡ್ರಾಯಿಂಗ್ ಆಫೀಸರ’ರಿಗೂ ಶಾಲೆಯ ಡ್ರಾಯಿಂಗ್ ಮಾಸ್ತರರಿಗೂ ನಂಟಿಲ್ಲ, ಒಬ್ಬರು ಎಳೆಯುವುದು ಹಣವನ್ನು, ಇನ್ನೊಬ್ಬರು ಎಳೆಯುವುದು ಗೆರೆಯನ್ನು.

ಲ್ಯಾಟಿನ್ ಭಾಷೆಯಲ್ಲಿಯೂ ಎಳೆಯುವುದಕ್ಕೆ ಬೇರೊಂದು ಧಾತುವುಂಟು, ಅದು ‘ತ್ರಾಹೆರೆ’. ಹೊಲದ ಟ್ರ್ಯಾಕ್ಟರು ಅದರ ಸಂತಾನ. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲಿ ಬಂದ ರೈಲು ಮಾರ್ಗದ ಮೇಲೆ ಓಡಿದ ‘ಟ್ರೇನ್’ ಕೂಡ ಫ್ರೆಂಚರ ಮೂಲಕ ಬಂದ ಅದೇ ವಂಶದ ಮಾತು. ಒಂದರ ಹಿಂದೊಂದಾಗಿ ಎಳೆಯಲ್ಪಡುವ ಸಾಲು ಎಂಬುದೇ ಅದರ ಮೂಲಾರ್ಥ.

ಇನ್ನು ಭದ್ರಾವತಿಯ ಕಡೆಗೆ ನೋಡೋಣ. ಹಿಂದೆ ಬೆಂಕೀಪುರವೆನಿಸಿದ್ದ ಈ ಊರಿನಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಕೆಲಸಕ್ಕೆ ತೊಡಗಿತು. ಅಲ್ಲಿಯ ಊದುಕುಲುಮೆಗೆ ಮೊದಲು ಬೇಕಾದುದು ಕಾಡಿನ ಮರದಿಂದಾದ ಇದ್ದಿಲು. ಅದಿರು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ಇಳಿದು ಬರುತ್ತಿತ್ತು. ಮಲೆನಾಡಿನಲ್ಲಿ ದಿಮ್ಮಿಯನ್ನು ಆನೆ ಎಳೆಯುತ್ತಿತ್ತು, ಗಾಡಿಯನ್ನು ಎತ್ತು ಎಳೆಯುತ್ತಿತ್ತು. ಇಂತಹ ಪ್ರಾಣಿಗಳಿಗೆ ಇಂಗ್ಲಿಷಿನವರು ಕೊಡುವ ‘ಡ್ರಾಫ್ಟ್’ ಎಂಬ ವಿಶೇಷಣವೂ ‘ಡ್ರಾ’ದಿಂದಲೇ ಹುಟ್ಟಿದ್ದು. ಬ್ಯಾಂಕಿನ ಡ್ರಾಫ್ಟು, ಕರಡು ಬರಹದ ಡ್ರಾಫ್ಟು ಎರಡೂ ಅದರ ಬಳಗವೇ.

ಕಾರ್ಖಾನೆಯ ಹೊಗೆಗೊಳವೆ ಗಾಳಿಯನ್ನು ‘ಡ್ರಾ’ ಮಾಡುತ್ತದೆ ಎನ್ನುವುದುಂಟು. ವಾಸ್ತವದಲ್ಲಿ ಅದು ಏನನ್ನೂ ಎಳೆಯುವುದಿಲ್ಲ. ಒಳಗಿನ ಬಿಸಿಗಾಳಿ ಹಗುರ. ಹೊರಗಿನ ತಣ್ಣನೆಯ ಗಾಳಿ ಭಾರ. ಭಾರವಾದುದು ಕೆಳಗಿನಿಂದ ನುಗ್ಗಿ ಹಗುರವಾದುದನ್ನು ಮೇಲಕ್ಕೆ ತಳ್ಳುತ್ತದೆ. ಹೀರುವ ಪಂಪಿನ ಕಥೆಯೂ ಅದೇ. ಬಾವಿಯ ನೀರನ್ನು ಮೇಲಕ್ಕೆ ತಳ್ಳುವುದು ವಾಯುಮಂಡಲದ ಒತ್ತಡ. ಆದಕಾರಣವೇ ಅಂತಹ ಪಂಪು ನೀರನ್ನು ಸುಮಾರು 10 ಮೀಟರಿಗಿಂತ ಮೇಲಕ್ಕೆ ತರಲಾರದು. ಎಷ್ಟು ಬಲವಾಗಿ ‘ಎಳೆದರೂ’ ವ್ಯರ್ಥ.

ನಿಜವಾದ ಎಳೆತವನ್ನು ಕಾಣಬೇಕಾದರೆ ತಂತಿ ಮಾಡುವ ಕೆಲಸವನ್ನು ನೋಡಬೇಕು. ಲೋಹದ ಸರಳನ್ನು ಅದಕ್ಕಿಂತ ಸಣ್ಣದಾದ ರಂಧ್ರದ ಮೂಲಕ ಎಳೆಯುತ್ತಾರೆ. ಲೋಹ ನಷ್ಟವಾಗುವುದಿಲ್ಲ, ದಪ್ಪ ಕುಗ್ಗಿದಷ್ಟಕ್ಕೂ ಉದ್ದ ಬೆಳೆಯುತ್ತದೆ. ವ್ಯಾಸವು ಅರ್ಧವಾದರೆ ಉದ್ದವು ನಾಲ್ಕರಷ್ಟಾಗುತ್ತದೆ. ‘ಡ್ರಾ’ ಎಂಬ ಮಾತಿಗೂ ಇದೇ ಆಗಿದೆ. ಅದನ್ನು ನೂರು ರಂಧ್ರಗಳಲ್ಲಿ ಎಳೆದಿದ್ದಾರೆ. ಅದು ಉದ್ದವಾಗಿದೆ, ಆದರೆ ತೆಳ್ಳಗಾಗಿದೆ. ಪಕ್ಕದಲ್ಲಿ ಇನ್ನೊಂದು ಮಾತಿಲ್ಲದೆ ಅದರ ಅರ್ಥವನ್ನು ನಿಶ್ಚಯಿಸುವಂತಿಲ್ಲ.

ಕನ್ನಡದ ಸ್ವಭಾವ ಬೇರೆ. ನಮ್ಮಲ್ಲಿ ‘ಎಳೆ’ ಎಂಬುದು ಹಳೆಯ ಮಾತು. ಹಳಗನ್ನಡದಲ್ಲಿ ಅದನ್ನು ಈಗ ಬಳಕೆ ತಪ್ಪಿರುವ ೞಕಾರದಿಂದ ‘ಎೞೆ’ ಎಂದು ಬರೆಯುತ್ತಿದ್ದರು. ಎಳೆಯದೆಂಬ ಅರ್ಥದ ‘ಎಳ’ದಲ್ಲಿ ಇದ್ದುದು ಬೇರೆ ಅಕ್ಷರ. ತೇರನ್ನು ಎಳೆಯುತ್ತೇವೆ, ಗೆರೆ ಎಳೆಯುತ್ತೇವೆ, ಮುಸುಕೆಳೆದು ಮಲಗುತ್ತೇವೆ, ರಾಗ ಎಳೆಯುತ್ತೇವೆ. ಆದರೆ ಎಲ್ಲ ಎಳೆತವನ್ನೂ ಈ ಒಂದೇ ಮಾತಿನ ಮೇಲೆ ನಮ್ಮವರು ಹೇರಲಿಲ್ಲ. ಬಾವಿಯಿಂದ ನೀರನ್ನು ಸೇದಿದರು, ಒರೆಯಿಂದ ಕತ್ತಿಯನ್ನು ಹಿರಿದರು, ಕೆಚ್ಚಲಿನಿಂದ ಹಾಲನ್ನು ಕರೆದರು, ಮನಸ್ಸನ್ನು ಸೆಳೆದರು, ಚೀಟಿಯನ್ನು ಎತ್ತಿದರು, ಚಿತ್ರವನ್ನು ಬರೆದರು, ಹಣವನ್ನು ಪಡೆದರು, ತೀರ್ಮಾನಕ್ಕೆ ಬಂದರು. ಇವೆಲ್ಲಕ್ಕೂ ಇಂಗ್ಲಿಷಿನಲ್ಲಿ ಸಲ್ಲುವುದು ಒಂದು ‘ಡ್ರಾ’. ‘ಸೇದು’ ಎಂದೊಡನೆ ಹಗ್ಗವೂ ರಾಟೆಯೂ ತೋಳಿನ ಬಲವೂ ಕಣ್ಣಿಗೆ ಕಟ್ಟುತ್ತವೆ; ‘ಹಿರಿ’ ಎಂದೊಡನೆ ಅಲಗು ಹೊಳೆಯುತ್ತದೆ. ಕ್ರಿಯೆ, ಕೈ, ಉಪಕರಣ ಮೂರೂ ಒಂದೊಂದು ಪದದಲ್ಲಿ ಅಡಗಿವೆ.

ಇಲ್ಲಿ ನಮಗೆ ಎರಡು ಬಗೆಯ ಅಪಾಯ ಕಾಣುತ್ತದೆ. ಮೊದಲನೆಯದು ಭಾಷಾಂತರಕಾರರದು. ನಿಘಂಟಿನ ಮೊದಲ ಅರ್ಥವನ್ನೇ ನಂಬಿ ‘ನಿರ್ಣಯವನ್ನು ಎಳೆದರು’, ‘ಗಮನವನ್ನು ಎಳೆದರು’ ಎಂದು ಬರೆದರೆ ಅದು ಅಕ್ಷರದಲ್ಲಿ ಮಾತ್ರ ಕನ್ನಡ. ಎರಡನೆಯದು ನಮ್ಮೆಲ್ಲರದು, ಹೆಚ್ಚು ಗಂಭೀರವಾದುದು. ಎಲ್ಲಕ್ಕೂ ‘ಡ್ರಾ ಮಾಡು’ ಎಂದುಬಿಟ್ಟರೆ ನಾವು ಕಳೆದುಕೊಳ್ಳುವುದು ಒಂದು ಪದವನ್ನಲ್ಲ, ಏಳೆಂಟು ಪದಗಳನ್ನು. ಮನೆಗೆ ನಲ್ಲಿ ಬಂದಿತು, ಕೊಳವೆಬಾವಿ ಬಂದಿತು. ಸೇದುವ ಕೆಲಸ ಹೋದೆಡೆ ಸೇದುವ ಮಾತೂ ಬೀಡಿ ಸಿಗರೇಟುಗಳ ಹೊಗೆಯನ್ನು ನೆಚ್ಚಿ ಬದುಕಬೇಕಾಗಿದೆ.

ಹಾಗೆಂದು ಪರದೇಶದ ಮಾತನ್ನು ಗಡೀಪಾರು ಮಾಡಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಕ್ರಿಕೆಟ್ಟಿನಲ್ಲಿ ‘ಡ್ರಾ’ ಬೇರೆ, ‘ಟೈ’ ಬೇರೆ. ಆಟ ಮುಗಿದು ಎರಡು ಪಕ್ಷಗಳ ಓಟಗಳೂ ಸಮವಾದರೆ ಅದು ಟೈ; ವೇಳೆ ತೀರಿದರೂ ಆಟ ಮುಗಿಯದೆ ನಿಂತರೆ ಅದು ಡ್ರಾ. ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥರು 1969ರಲ್ಲಿ ಆಸ್ಟ್ರೇಲಿಯದವರ ವಿರುದ್ಧ ಕಾನ್ಪುರದಲ್ಲಿ ಆಡಿದ ಮೊದಲ ಟೆಸ್ಟು ಡ್ರಾ ಆದುದೇ. ಮೊದಲ ಸರದಿಯಲ್ಲಿ ಸೊನ್ನೆಗೆ ಔಟಾದ ಅವರು ಎರಡನೆಯದರಲ್ಲಿ 137 ಓಟಗಳನ್ನು ಗಳಿಸಿದರು. ಆ ಪಂದ್ಯ ‘ಸಮವಾಯಿತು’ ಎಂದರೆ ತಪ್ಪಾಗುತ್ತದೆ. ಇಲ್ಲಿ ‘ಡ್ರಾ’ ಎಂಬ ಮಾತು ತನ್ನ ಕೂಲಿಯನ್ನು ತಾನೇ ದುಡಿಯುತ್ತಿದೆ, ಅದಿರಲಿ.

ಆದುದರಿಂದ ಪರೀಕ್ಷೆ ಸುಲಭ. ‘ಡ್ರಾ’ ಎಂಬುದು ಬಾಯಿಗೆ ಬಂದಾಗ, ಎಳೆಯುವವರಾರು, ಎಳೆಯಲ್ಪಡುವುದೇನು, ಎಲ್ಲಿಂದ, ಯಾವುದರಿಂದ ಎಂದು ಕೇಳಿಕೊಳ್ಳಬೇಕು. ಉತ್ತರ ಸ್ಪಷ್ಟವಾದೊಡನೆ ತಕ್ಕ ಕನ್ನಡದ ಕ್ರಿಯಾಪದ ತಾನಾಗಿ ಮುಂದೆ ಬಂದು ನಿಲ್ಲುತ್ತದೆ. ಬಾರದಿದ್ದಲ್ಲಿ ಮಾತ್ರ ಸಾಲ ಮಾಡೋಣ. ಸ್ವಂತ ಬಾವಿಯಲ್ಲಿ ಇನ್ನೂ ನೀರಿದೆ. ಸೇದುವ ಅಭ್ಯಾಸವನ್ನು ಬಿಡದಿದ್ದರೆ ಸಾಕು.