ಒಂದೇ ಬಾಗಿಲಿನ ನದಿ ಋಷಿಗಂಗಾ



2021ರ ಫೆಬ್ರವರಿ ಮಧ್ಯಭಾಗದಲ್ಲಿ ದೆಹಲಿಯ ಹಲವು ಬಡಾವಣೆಗಳಲ್ಲಿ ನಲ್ಲಿ ನೀರು ಕಡಿಮೆಯಾಗಿತ್ತು. ಅಲ್ಲಿರುವ ನಮ್ಮ ಕೇಳುಗರಿಗೆ ಇದು ನೆನಪಿರಬಹುದು. ಗಂಗಾ ಕಾಲುವೆಯ ನೀರಿನಲ್ಲಿ ಕೆಸರು ಹೆಚ್ಚಿದ್ದರಿಂದ ಸೋನಿಯಾ ವಿಹಾರದ ಶುದ್ಧೀಕರಣ ಘಟಕ ಪೂರ್ಣ ಪ್ರಮಾಣದಲ್ಲಿ ಕೆಲಸ ಮಾಡಲಾಗಲಿಲ್ಲ. ಆ ಕೆಸರು ಹೊರಟದ್ದು ಹಿಮಾಲಯದ ದುರ್ಗಮ ನದಿ ಋಷಿಗಂಗೆಯ ಕಣಿವೆಯಿಂದ.

ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ 7,816 ಮೀಟರ್ ಎತ್ತರದ ನಂದಾದೇವಿ ಶಿಖರವಿದೆ. ಅದರ ಸುತ್ತ ಕೋಟೆಗೋಡೆಯಂತೆ ಹಿಮಶಿಖರಗಳ ಸಾಲು. ಒಳಗಿನ ಹಿಮನದಿಗಳ ನೀರು ಹೊರಬರಲು ಪಶ್ಚಿಮದಲ್ಲಿ ಒಂದೇ ಬಾಗಿಲು, ಅದೇ ಋಷಿಗಂಗೆ ಕೊರೆದ ಕಡಿದಾದ ಕಮರಿ. 1934ರಲ್ಲಿ ಎರಿಕ್ ಶಿಪ್ಟನ್, ಬಿಲ್ ಟಿಲ್ಮನ್ ಹಾಗೂ ಮೂವರು ಶೆರ್ಪಾಗಳು ಈ ಕಮರಿಯ ಮೂಲಕವೇ ಒಳಹೊಕ್ಕರು. ಅದಕ್ಕೂ ಮೊದಲು ಬಂದ ಹಲವರು ದಾರಿ ಕಾಣದೆ ಮರಳಿದ್ದರು.

ನಂತರ ಚಾರಣಿಗರ ಓಡಾಟ ಹೆಚ್ಚಿ ಕಾಡಿಗೆ, ಪ್ರಾಣಿಗಳಿಗೆ ತೊಂದರೆಯಾಯಿತು. 1982ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು, ಒಳಭಾಗಕ್ಕೆ ಪ್ರವೇಶ ನಿಂತಿತು. 1988ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಕಮರಿ ದಾಟಿದ ಋಷಿಗಂಗೆ ರೈಣಿ ಗ್ರಾಮದ ಬಳಿ ಧೌಲಿಗಂಗೆಯನ್ನು ಸೇರುತ್ತದೆ. 1974ರಲ್ಲಿ ಗೌರಾದೇವಿ ಮತ್ತು ಸಂಗಡಿಗರು ಮರಗಳನ್ನು ಅಪ್ಪಿ ಉಳಿಸಿದ ಊರು ಇದೇ. ಧೌಲಿಗಂಗೆ ವಿಷ್ಣುಪ್ರಯಾಗದಲ್ಲಿ ಅಲಕನಂದೆಗೆ ಸೇರುತ್ತದೆ. ಅಲಕನಂದೆ ದೇವಪ್ರಯಾಗದಲ್ಲಿ ಭಾಗೀರಥಿಯನ್ನು ಕೂಡಿ ಗಂಗೆಯಾಗುತ್ತದೆ.

2021ರ ಫೆಬ್ರವರಿ 7, ಭಾನುವಾರ. ಮಳೆಯಿಲ್ಲದ ಚಳಿಗಾಲದ ಬೆಳಗ್ಗೆ ಪ್ರವಾಹ ಬಂದದ್ದು ಹೇಗೆ? ಋಷಿಗಂಗೆಗೆ ಸೇರುವ ರೋಂಟಿ ಗಾಡ್ ಎಂಬ ಉಪನದಿಯ ತಲೆಯಲ್ಲಿ ರೋಂಟಿ ಶಿಖರವಿದೆ. ಅದರ ಇಳಿಜಾರಿನಿಂದ ಸುಮಾರು 2.7 ಕೋಟಿ ಘನ ಮೀಟರ್ ಬಂಡೆ ಮತ್ತು ಹಿಮ ಒಟ್ಟಿಗೆ ಕಳಚಿ, ಸುಮಾರು 1,800 ಮೀಟರ್ ಕೆಳಗೆ ಬಿತ್ತು. ಉಜ್ಜಾಟದ ಬಿಸಿಗೆ ಹಿಮ ಕರಗಿ ನೀರಾಯಿತು, ಬಂಡೆ ಪುಡಿಯಾಯಿತು. ಇಕ್ಕಟ್ಟಾದ ಕಣಿವೆಯಲ್ಲಿ ಆ ರಾಡಿಗೆ ಹರಡಲು ಜಾಗವಿರಲಿಲ್ಲ. ರೈಣಿಯ ಜಲವಿದ್ಯುತ್ ಘಟಕ ಕೊಚ್ಚಿಹೋಯಿತು. ತಪೋವನದಲ್ಲಿ ಕಟ್ಟುತ್ತಿದ್ದ ಯೋಜನೆಯ ಸುರಂಗಕ್ಕೆ ಕೆಸರು ನುಗ್ಗಿತು. 200ಕ್ಕೂ ಹೆಚ್ಚು ಮಂದಿ ಸತ್ತರು ಇಲ್ಲವೇ ಕಾಣೆಯಾದರು. ಅವರಲ್ಲಿ ಹೆಚ್ಚಿನವರು ದುಡಿಯಲು ಬಂದಿದ್ದ ಕಾರ್ಮಿಕರು.

ಉದ್ಯಾನದ ಗಡಿ ನಮ್ಮನ್ನು ಒಳಹೋಗದಂತೆ ತಡೆಯುತ್ತದೆ, ನದಿಯನ್ನು ಹೊರಬಾರದಂತೆ ತಡೆಯುವುದಿಲ್ಲ. ಕಣಿವೆಯ ಬಾಯಲ್ಲಿ ಏನನ್ನಾದರೂ ಕಟ್ಟುವವರು ಮೊದಲು ತಲೆಯೆತ್ತಿ ಮೇಲಿನ ಇಳಿಜಾರನ್ನು ನೋಡಬೇಕು. ದೆಹಲಿಯ ಕೇಳುಗರೇ, ನಿಮ್ಮ ಮನೆಯ ಲೋಟದಲ್ಲಿಯೂ ಆ ಬೆಟ್ಟದ ನೀರು ಇರಬಹುದು.