ಇಲ್ಲದ ಕಾಯಿಲೆಗೆ ತೆತ್ತ ಬಿಲ್ಲು

ಒಬ್ಬೊಬ್ಬರಾಗಿ ಕೂತರೆ ಕನಿಷ್ಠ 100 ಡಾಲರ್, ಗುಂಪಿನಲ್ಲಿ ಕೂತರೆ 60. ಸಲಿಂಗ ಆಕರ್ಷಣೆಯನ್ನು ‘ಗುಣಪಡಿಸುತ್ತೇವೆ’ ಎಂದು ನ್ಯೂಜೆರ್ಸಿಯ ‘ಜೋನಾ’ ಸಂಸ್ಥೆ ವಸೂಲಿ ಮಾಡುತ್ತಿದ್ದ ದರವಿದು. ಆ ದುಡ್ಡಿಗೆ ಸಿಕ್ಕ ಚಿಕಿತ್ಸೆ ಎಂಥದ್ದು? ದಿಂಬನ್ನೇ ಹೆತ್ತ ತಾಯಿ ಎಂದುಕೊಂಡು ಟೆನ್ನಿಸ್ ರಾಕೆಟ್ಟಿನಿಂದ ಬಡಿಯಬೇಕಿತ್ತು ಎಂದು ಯುವಕನೊಬ್ಬ ಕೋರ್ಟಿನಲ್ಲಿ ಹೇಳಿದ. ಅದೇ ಮೊಕದ್ದಮೆಯಲ್ಲಿ ಇಬ್ಬರು ತಾಯಂದಿರೂ ದೂರುದಾರರಾಗಿದ್ದರು. 2015ರ ಜೂನ್‌ನಲ್ಲಿ ಜ್ಯೂರಿ ಇದನ್ನು ವಂಚನೆ ಎಂದಿತು. 72,400 ಡಾಲರ್ ಪರಿಹಾರಕ್ಕೆ ಆದೇಶವಾಯಿತು.

ಅಲ್ಲಿ ಕೈಹಿಡಿದದ್ದು ಗ್ರಾಹಕ ವಂಚನೆ ತಡೆ ಕಾಯ್ದೆ. ಅಪ್ರಾಪ್ತರಿಗೆ ಇಂಥ ಚಿಕಿತ್ಸೆ ಕೊಡಬಾರದೆಂಬ ಕಾನೂನನ್ನು ಅಮೆರಿಕದಲ್ಲಿ ಮೊದಲು ತಂದದ್ದು ಕ್ಯಾಲಿಫೋರ್ನಿಯಾ, 2012ರಲ್ಲಿ. ಹನ್ನೆರಡು ವರ್ಷಗಳಲ್ಲಿ 20ಕ್ಕೂ ಹೆಚ್ಚು ರಾಜ್ಯಗಳು ಆ ದಾರಿ ಹಿಡಿದವು. ಆದರೆ ಬಹುಪಾಲು ಕಾನೂನುಗಳ ಹಿಡಿತ ಲೈಸೆನ್ಸ್ ಇರುವ ವೈದ್ಯರು, ಆಪ್ತಸಮಾಲೋಚಕರ ಮೇಲೆ ಮಾತ್ರ. ಜೋನಾದ ಸಮಾಲೋಚಕರ ಬಳಿ ಲೈಸೆನ್ಸೇ ಇರಲಿಲ್ಲ.

ಈ ಕಂದಕ ಎಷ್ಟು ಅಗಲ? ಲಾಸ್ ಏಂಜಲೀಸಿನ ವಿಲಿಯಮ್ಸ್ ಇನ್‌ಸ್ಟಿಟ್ಯೂಟ್ 2018ರಲ್ಲಿ 13ರಿಂದ 17 ವಯಸ್ಸಿನವರ ಲೆಕ್ಕ ಹಾಕಿತು. 18 ತುಂಬುವ ಮೊದಲು, ನಿಷೇಧವಿಲ್ಲದ ರಾಜ್ಯಗಳಲ್ಲಿ ಲೈಸೆನ್ಸ್ ಉಳ್ಳವರ ಕೈಗೆ ಸಿಗುವ ಮಕ್ಕಳು 20,000. ದೇಶದುದ್ದಕ್ಕೂ ಧಾರ್ಮಿಕ ಸಲಹೆಗಾರರ ಕೈಗೆ ಸಿಗುವವರು 57,000.

ಅದೇ ವರ್ಷ ಸ್ಯಾನ್‌ಫ್ರಾನ್ಸಿಸ್ಕೊ ಸ್ಟೇಟ್ ಯೂನಿವರ್ಸಿಟಿಯವರು 245 ಲೈಂಗಿಕ ಅಲ್ಪಸಂಖ್ಯಾತ ಯುವಜನರ ಅಧ್ಯಯನವೊಂದನ್ನು ಪ್ರಕಟಿಸಿದರು. ಯಾರೂ ಬದಲಿಸಲು ಹೋಗದವರಲ್ಲಿ ಆತ್ಮಹತ್ಯೆಗೆ ಯತ್ನಿಸಿದವರು ಶೇ. 22. ಅಪ್ಪ ಅಮ್ಮ ಮನೆಯಲ್ಲೇ ಬದಲಿಸಲು ಹೆಣಗಿದವರಲ್ಲಿ ಶೇ. 48. ಹೊರಗಿನ ಚಿಕಿತ್ಸಕರೋ ಧರ್ಮಗುರುಗಳೋ ಸೇರಿಕೊಂಡಲ್ಲಿ ಶೇ. 63. ನೂರರಲ್ಲಿ ಅರವತ್ತಮೂರು! ಈ ಅಂಕಿಯ ಮುಂದೆ ಹಣದ ಲೆಕ್ಕ ಬರೆಯಲು ಕೈ ಹಿಂಜರಿಯುತ್ತದೆ. ಆದರೂ ಶಾಸಕರು ಕೇಳುವುದು ಅದನ್ನೇ: 2022ರ ಅಧ್ಯಯನವೊಂದರ ಪ್ರಕಾರ, ಅಮೆರಿಕದ ಯುವಜನರ ಮೇಲೆ ನಡೆಯುವ ಈ ‘ಚಿಕಿತ್ಸೆ’ಯ ವಾರ್ಷಿಕ ಖರ್ಚು 65 ಕೋಟಿ ಡಾಲರ್, ಅದು ತಂದಿಡುವ ಆರ್ಥಿಕ ಹೊರೆ 923 ಕೋಟಿ. ಒಂದು ಡಾಲರಿಗೆ ಹದಿನಾಲ್ಕು.

ಕೆನಡಾ ಲೈಸೆನ್ಸ್ ಕೇಳಲಿಲ್ಲ. 2022ರ ಜನವರಿ 7ರಿಂದ ಅಲ್ಲಿ ಇದನ್ನು ಯಾರು ಮಾಡಿಸಿದರೂ 5 ವರ್ಷದವರೆಗೆ ಜೈಲು. ಇದಕ್ಕಾಗಿ ಮಗುವನ್ನು ದೇಶದಾಚೆ ಸಾಗಿಸಿದರೂ ಅಷ್ಟೇ ಶಿಕ್ಷೆ.

ನಮ್ಮಲ್ಲಿ 2022ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇದನ್ನು ವೃತ್ತಿ ದುರ್ನಡತೆ ಎಂದು ರಾಜ್ಯಗಳ ವೈದ್ಯಕೀಯ ಪರಿಷತ್ತುಗಳಿಗೆ ಬರೆಯಿತು. ಮನೆಗೆ ಕರೆಸುವ ಮಂತ್ರವಾದಿಯ ಹೆಸರು ಯಾವ ಪರಿಷತ್ತಿನ ಪಟ್ಟಿಯಲ್ಲೂ ಇಲ್ಲ.